ಮೂರನೇ ಗೇಮ್ ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಓದುಗರ ಪ್ರಶ್ನೆ: ಅಲ್ಟಿಮೇಟ್ ಟೇಬಲ್ ಟೆನಿಸ್ (ಯುಟಿಟಿ) ಲೀಗ್‌ನಲ್ಲಿ ಒಬ್ಬರು 2-0 ಗೆದ್ದ ಮೇಲೂ ಮೂರನೇ ಗೇಮ್ ಆಡಿಸ್ತಾರಲ್ಲ, ಯಾಕೆ ಸಾರ್? ಸುಮ್ನೆ ಟಿವಿ ಟೈಮ್ ತುಂಬಿಸೋಕಾ?

ಅಲ್ಲ. ಟಿವಿಗೋಸ್ಕರ ಅಲ್ಲವೇ ಅಲ್ಲ. ಲೀಗ್ ಶುರುವಾದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಪ್ರತಿ ಸಲ ಎರಡು ಸಾಲಿನಲ್ಲಿ ಉತ್ತರ ಹೇಳಿ ಮುಗಿಸುತ್ತಿದ್ದೆ. ಅದು ಯಾರ ತಲೆಯಲ್ಲೂ ನಿಂತಿಲ್ಲ ಅಂತ ಕಾಣುತ್ತದೆ. ಈ ಸಲ ಬಿಡಿಸಿ ಬರೆಯುತ್ತೇನೆ.

ಈ ಲೀಗ್‌ನಲ್ಲಿ ಪಾಯಿಂಟ್ ಸಿಗುವುದು ಪಂದ್ಯಕ್ಕಲ್ಲ, ಗೇಮ್‌ಗೆ, ಅಂದರೆ ಪಂದ್ಯದೊಳಗಿನ 11 ಅಂಕದ ಒಂದೊಂದು ಸುತ್ತಿಗೆ. ಎರಡು ತಂಡ ಎದುರಾದರೆ ಅದಕ್ಕೆ ಟೈ ಅನ್ನುತ್ತೇವೆ. ಒಂದು ಟೈನಲ್ಲಿ ಐದು ಪಂದ್ಯ: ಎರಡು ಪುರುಷರ ಸಿಂಗಲ್ಸ್, ಎರಡು ಮಹಿಳೆಯರ ಸಿಂಗಲ್ಸ್, ನಡುವೆ ಒಂದು ಮಿಕ್ಸೆಡ್ ಡಬಲ್ಸ್. ಪ್ರತಿ ಪಂದ್ಯಕ್ಕೆ ಮೂರು ಗೇಮ್. ಒಟ್ಟು 15 ಗೇಮ್, 15 ಪಾಯಿಂಟ್. ಎಂಟು ಯಾರಿಗೆ ಸಿಕ್ಕಿತೋ ಅವರು ಗೆದ್ದರು. ಅಂದಮೇಲೆ ಮೂರನೇ ಗೇಮ್ ಬಿಟ್ಟರೆ ಒಂದು ಪಾಯಿಂಟನ್ನೇ ಬಿಟ್ಟ ಹಾಗೆ, ಅಲ್ವಾ?

ಇಷ್ಟು ಹೇಳಿದ ಮೇಲೂ ಒಬ್ಬರಲ್ಲ ಒಬ್ಬರು ಹೇಳುತ್ತಾರೆ: "ಏನೇ ಆಗ್ಲಿ ಸಾರ್, ಐದರಲ್ಲಿ ಮೂರು ಪಂದ್ಯ ಗೆದ್ದವರೇ ಕೊನೆಗೆ ಗೆಲ್ಲೋದು. ಮಿಕ್ಕಿದ್ದೆಲ್ಲ ಆಟಕ್ಕುಂಟು ಲೆಕ್ಕಕ್ಕಿಲ್ಲ." ಈ ತಪ್ಪು ತಿಳಿವಳಿಕೆ ಮಾತ್ರ ಹೋಗುವುದೇ ಇಲ್ಲ. ಒಂದು ಹಾಳೆ ತಗೊಳ್ಳಿ, ಬರೆಯಿರಿ. ನಿಮ್ಮ ತಂಡ ಮೂರು ಪಂದ್ಯ ಗೆದ್ದಿದೆ, ಮೂರೂ 2-1ರಲ್ಲಿ. ಅಲ್ಲಿಗೆ ನಿಮ್ಮದು 6, ಎದುರಾಳಿಯದು 3. ಉಳಿದ ಎರಡು ಪಂದ್ಯ ಸೋತಿದ್ದೀರಿ, ಎರಡೂ 0-3ರಲ್ಲಿ. ಎದುರಾಳಿಗೆ ಇನ್ನೂ 6 ಹೋಯಿತು. ಕೂಡಿಸಿ: 6-9. ಮೂರು ಪಂದ್ಯ ಗೆದ್ದ ನೀವು ಸೋತಿರಿ, ಎರಡೇ ಗೆದ್ದ ಅವರು ಗೆದ್ದರು. ಆ 0-3ರ ಎರಡೂ ಪಂದ್ಯದಲ್ಲಿ ಮೂರನೇ ಗೇಮ್ ನಿಮ್ಮದಾಗಿದ್ದರೆ? 8-7. ಟೈ ನಿಮ್ಮದೇ. "ಲೆಕ್ಕಕ್ಕಿಲ್ಲ" ಅಂದಿರಲ್ಲ, ಆ ಗೇಮ್‌ಗಳೇ ಇವು.

ಇದು ಬರೀ ಹಾಳೆ ಮೇಲಿನ ಲೆಕ್ಕ ಅಂದುಕೊಳ್ಳಬೇಡಿ. 2023ರ ಫೈನಲ್‌ನಲ್ಲಿ ಗೋವಾ ಚಾಲೆಂಜರ್ಸ್ ಚೆನ್ನೈ ಲಯನ್ಸ್ ತಂಡವನ್ನು ಸೋಲಿಸಿದ್ದು 8-7ರಲ್ಲಿ. ಆ ಸಂಜೆಯ ಯಾವುದಾದರೂ ಒಂದು ಗೇಮ್ ಆ ಕಡೆಯಿಂದ ಈ ಕಡೆಗೆ ಬಂದಿದ್ದರೆ ಕಪ್ ಚೆನ್ನೈಗೆ ಹೋಗುತ್ತಿತ್ತು. ಲೀಗ್ ಹಂತದಲ್ಲಂತೂ ಎಂಟು ಪಾಯಿಂಟ್ ಆದ ಮೇಲೂ ಉಳಿದ ಗೇಮ್ ಆಡಿಸುತ್ತಾರೆ. ಯಾಕೆ ಅಂದರೆ ಪಟ್ಟಿಯಲ್ಲಿ ಮೇಲೆ ಕೆಳಗೆ ಆಗುವುದೂ ಗೆದ್ದ ಗೇಮ್‌ಗಳ ಲೆಕ್ಕದಲ್ಲೇ. ಸೆಮಿಫೈನಲ್, ಫೈನಲ್‌ನಲ್ಲಿ ಮಾತ್ರ ಎಂಟಾದ ತಕ್ಷಣ ಆಟ ನಿಲ್ಲುತ್ತದೆ.

ತಪ್ಪು ಎಲ್ಲಿಂದ ಬಂತು ಅಂತಲೂ ಗೊತ್ತು. ನಾವೆಲ್ಲ ಒಲಿಂಪಿಕ್ಸ್ ನೋಡಿ ಕಲಿತವರು. ಅಲ್ಲಿ ತಂಡದ ಸ್ಪರ್ಧೆಯಲ್ಲಿ ಒಂದೊಂದು ಪಂದ್ಯವೂ ಐದು ಗೇಮ್‌ನದು. ಮೂರು ಗೇಮ್ ಗೆದ್ದರೆ ಪಂದ್ಯ, ಮೂರು ಪಂದ್ಯ ಗೆದ್ದರೆ ಟೈ. 2024ರ ಪ್ಯಾರಿಸ್‌ನಲ್ಲಿ ನಮ್ಮ ಮಹಿಳಾ ತಂಡ ಮೊದಲ ಸಲ ಕ್ವಾರ್ಟರ್ ಫೈನಲ್ ಮುಟ್ಟಿ ಜರ್ಮನಿಗೆ 1-3ರಲ್ಲಿ ಸೋತಿತು. ಆ ಒಂದನ್ನು ತಂದವರು ನಮ್ಮ ಬೆಂಗಳೂರಿನ ಹುಡುಗಿ ಅರ್ಚನಾ ಕಾಮತ್. ಎದುರಿಗಿದ್ದದ್ದು ರಿಯೋದಲ್ಲಿ ಬೆಳ್ಳಿ ಗೆದ್ದ ತಂಡದಲ್ಲಿದ್ದ ಶಾನ್ ಶಿಯಾವೊನಾ. ಸ್ಕೋರ್ ನೋಡಿ: 19-17, 1-11, 11-5, 11-9. ಇಬ್ಬರ ಅಂಕಗಳನ್ನೂ ಬೇರೆ ಬೇರೆ ಕೂಡಿಸಿ. ಅರ್ಚನಾ 42, ಶಾನ್ ಕೂಡ 42! ಆದರೂ ಪಂದ್ಯ ಪೂರ್ತಿ ಅರ್ಚನಾದು. ಒಲಿಂಪಿಕ್ಸ್ ಲೆಕ್ಕದಲ್ಲಿ ಆ 1-11ಕ್ಕೆ ಕೊನೆಗೆ ಯಾವ ಬೆಲೆಯೂ ಇರಲಿಲ್ಲ. ಯುಟಿಟಿಯಲ್ಲಿ ಆಗಿದ್ದರೆ ಅದು ಎದುರಾಳಿ ಖಾತೆಗೆ ಒಂದು ಪಾಯಿಂಟ್. ಇನ್ನು 19-17 ಅಂತೂ ಇಲ್ಲಿ ಆಗುವ ಹಾಗೇ ಇಲ್ಲ. 10-10 ಆದರೆ ಗೋಲ್ಡನ್ ಪಾಯಿಂಟ್. ಮುಂದಿನ ಅಂಕ ಯಾರದೋ ಗೇಮ್ ಅವರದು. ಎರಡು ಅಂಕದ ಅಂತರ ಬೇಕಿಲ್ಲ.

ಭಾನುವಾರ ನಮ್ಮ ಹಾಲ್‌ನಲ್ಲಿ ಮಕ್ಕಳಿಗೆ ಇದೇ ಕ್ರಮದಲ್ಲಿ ಆಡಿಸುತ್ತೇನೆ. ಒಂದೇ ಟೇಬಲ್, ಒಂದು ಸ್ಲೇಟು. ಹನ್ನೊಂದು ವರ್ಷದ ಹುಡುಗನೊಬ್ಬ ಎರಡು ಗೇಮ್ ಸೋತ ಕೂಡಲೇ ಬ್ಯಾಟನ್ನು ಕವರಿಗೆ ಹಾಕಿ ಜಿಪ್ ಎಳೆದ. ತಂಡದ ಹುಡುಗಿ ಬಂದು ಸ್ಲೇಟು ತೋರಿಸಿದಳು. ಜಿಪ್ ಮತ್ತೆ ಬಿಚ್ಚಿದ. ಮೂರನೇ ಗೇಮ್ 10-10ರವರೆಗೆ ಹೋಯಿತು. ಕೊನೆಯ ಸರ್ವ್‌ಗೆ ಮೊದಲು ಅಂಗೈಯನ್ನು ಟೇಬಲ್‌ಗೆ ಎರಡು ಸಲ ಒರೆಸಿಕೊಂಡ. ಅವನ ಬ್ಯಾಕ್‌ಹ್ಯಾಂಡ್ ನೆಟ್‌ಗೆ ಬಡಿದು ಆ ಕಡೆ ಬಿತ್ತು, ಗೆದ್ದ. ತಂಡ ಕೊನೆಗೆ 7-8ರಲ್ಲಿ ಸೋತಿತು. ಮನೆಗೆ ಹೊರಡುವಾಗ ಅವನು ಕೇಳಿದ್ದು ಒಂದೇ ಮಾತು: "ಸಾರ್, ನನ್ನ ಎರಡನೇ ಗೇಮ್ ಬಂದಿದ್ರೆ ಎಂಟಾಗ್ತಿತ್ತಲ್ವಾ?" ಹೌದು ಮಗಾ, ಆಗುತ್ತಿತ್ತು. ಈ ಲೆಕ್ಕ ಆ ವಯಸ್ಸಿಗೇ ಅರ್ಥವಾದದ್ದು ನೋಡಿ ನನಗೆ ನಿಜಕ್ಕೂ ಹೆಮ್ಮೆ ಆಯಿತು.

ಲೀಗ್‌ಗೆ ಇನ್ನೂ ಜಾಸ್ತಿ ವಯಸ್ಸಾಗಿಲ್ಲ. 2017ರಲ್ಲಿ ವೀಟಾ ದಾನಿ ಮತ್ತು ಮಾಜಿ ರಾಷ್ಟ್ರೀಯ ಚಾಂಪಿಯನ್ ನೀರಜ್ ಬಜಾಜ್ ಶುರು ಮಾಡಿದರು. ಮೊದಲ ವರ್ಷ ಫಾಲ್ಕನ್ಸ್, ಆಮೇಲೆ ದಬಾಂಗ್ ಸ್ಮ್ಯಾಷರ್ಸ್, 2019ರಲ್ಲಿ ಚೆನ್ನೈ ಲಯನ್ಸ್ ಗೆದ್ದವು. ಕೋವಿಡ್ ಬಂದು ಮೂರು ವರ್ಷ ಆಟವೇ ಇಲ್ಲ. 2023 ಮತ್ತು 2024ರಲ್ಲಿ ಗೋವಾ, 2025ರಲ್ಲಿ ಯು ಮುಂಬಾ. ತಂಡಗಳು ಆರರಿಂದ ಎಂಟಾದವು.

ಇನ್ನೊಂದು ವಿಷಯವನ್ನು ಯಾರೂ ಕೇಳಲಿಲ್ಲ. ಆದರೂ ಹೇಳಿಬಿಡುತ್ತೇನೆ, ಮನಸ್ಸು ತಡೆಯುತ್ತಿಲ್ಲ. ನಮ್ಮ ಬೆಂಗಳೂರು ತಂಡ ಎಲ್ಲಿ ಹೋಯಿತು? ಬೆಂಗಳೂರು ಸ್ಮ್ಯಾಷರ್ಸ್ 2023ರಲ್ಲಿ ಬಂತು, ಮಣಿಕಾ ಬಾತ್ರಾ ಆಡಿದರು. ಮರುವರ್ಷ ಪುಣೆಯ ಪುನೀತ್ ಬಾಲನ್ ಗ್ರೂಪ್‌ನ ಹೆಸರು ಸೇರಿತು. 2025ಕ್ಕೆ ಅದೇ ತಂಡ ಪುಣೆ ಜಾಗ್ವಾರ್ಸ್ ಆಯಿತು. ಎರಡೇ ಸೀಸನ್ ನಮ್ಮ ಊರಿನ ಹೆಸರಿತ್ತು. 2025ರವರೆಗಿನ ಆರು ಸೀಸನ್‌ಗಳಲ್ಲಿ ಒಂದೂ ಇಲ್ಲಿ ನಡೆದಿಲ್ಲ. 1966ರಲ್ಲೇ ಉಷಾ ಸುಂದರರಾಜ್ ಅವರು ಟೇಬಲ್ ಟೆನಿಸ್‌ಗೆ ಅರ್ಜುನ ಪ್ರಶಸ್ತಿ ತಂದ ನಾಡಿದು. ನನಗೆ ಬೇಜಾರಾಗುವುದು ಅದಕ್ಕೇ.

2024ರಲ್ಲಿ ಬೆಂಗಳೂರು ತಂಡ ನೋಡೋಕೆ ಮಕ್ಕಳನ್ನು ಕರ್ಕೊಂಡು ಚೆನ್ನೈ ರೈಲು ಹತ್ತಿದ್ದೆವು. ಸ್ಟೇಡಿಯಂನಲ್ಲಿ ಅವರ ಮಡಿಲ ಮೇಲೆ ಸ್ಲೇಟು, ಒಂದೊಂದು ಗೇಮ್‌ಗೂ ಒಂದು ಗೆರೆ. ಒಂದು ಸೀಸನ್ ಕಂಠೀರವ ಒಳಾಂಗಣದಲ್ಲಿ ನಡೆಯಲಿ, ಮೆಜೆಸ್ಟಿಕ್‌ನಿಂದ ಬಸ್ಸಲ್ಲೇ ಕರ್ಕೊಂಡು ಹೋಗುತ್ತೇನೆ.