ಹಣ ಮುಟ್ಟಿತು, ಬದಲಾದದ್ದೇನು?

ಅನಾಥ ಮಕ್ಕಳನ್ನು ಸಾಕುತ್ತಿರುವ ಮನೆಗಳಿಗೆ ನಗದು ಕೊಡುವ ಯೋಜನೆ ಫಲಿಸಿತೇ ಎಂದು ಹಣ ಪಡೆದವರನ್ನಷ್ಟೇ ಕೇಳಿದರೆ ಉತ್ತರ ಸದಾ ಚೆನ್ನಾಗಿಯೇ ಬರುತ್ತದೆ. ಹಣ ಸಿಗದ, ಉಳಿದೆಲ್ಲದರಲ್ಲೂ ಅಂಥವೇ ಆದ ಮನೆಗಳನ್ನೂ ಅಳೆಯಬೇಕು. ಕೀನ್ಯಾದ ಸಿಟಿ-ಓವಿಸಿ (ಅನಾಥ ಮತ್ತು ದುರ್ಬಲ ಮಕ್ಕಳಿಗಾಗಿ ನಗದು ವರ್ಗಾವಣೆ) ಯೋಜನೆಯಲ್ಲಿ ಹೀಗೇ ಮಾಡಿದರು. ಎಲ್ಲ ಕಡೆ ಒಟ್ಟಿಗೇ ಕೊಡುವಷ್ಟು ದುಡ್ಡು ಹೇಗೂ ಇರಲಿಲ್ಲ. ಕಿಸುಮು, ಗರಿಸ್ಸಾ, ಕ್ವಾಲೆ, ನೈರೋಬಿ ಸೇರಿ 7 ಜಿಲ್ಲೆಗಳಲ್ಲಿ ತಲಾ 4 ಪ್ರದೇಶ ಗುರುತಿಸಿ, ಚೀಟಿ ಎತ್ತಿದ ಹಾಗೆ ಎರಡಕ್ಕೆ ಹಣ ಕೊಟ್ಟು ಎರಡನ್ನು ಹೋಲಿಕೆಗೆ ಉಳಿಸಿಕೊಂಡರು. 2007ರಲ್ಲಿ ಮೊದಲ ಸಮೀಕ್ಷೆ, 2009ರಲ್ಲಿ ಮರುಸಮೀಕ್ಷೆ.

ಚೀಟಿ ಎತ್ತಿದರೂ ಗುಂಪುಗಳು ಸರಿಸಮ ಆಗಲಿಲ್ಲ. ಹಣ ಬರುವ ಕಡೆ ಅರ್ಹರ ಪಟ್ಟಿಯಾದ ಮೇಲೆ ಪೋಷಕರ ವಯಸ್ಸು ಮುಂತಾದವನ್ನು ನೋಡಿ ಆದ್ಯತೆ ಕೊಟ್ಟರು. ಹೋಲಿಕೆಯ ಕಡೆ ಈ ಸೋಸಾಟ ನಡೆಯಲಿಲ್ಲ. ಹಾಗಾಗಿ ಫಲಾನುಭವಿ ಮನೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಹೆಚ್ಚು ವಯಸ್ಸಾದವರು, ಬಡತನವೂ ಒಂದು ಕೈ ಮೇಲು. 2009ರ ಅಂಕಿಗಳನ್ನು ಮಾತ್ರ ಪಕ್ಕಪಕ್ಕ ಇಟ್ಟರೆ ಯೋಜನೆಗೆ ಅನ್ಯಾಯ. ಪ್ರತಿ ಗುಂಪಿನಲ್ಲಿ ಎರಡು ವರ್ಷಕ್ಕೆ ಆದ ಏರಿಳಿತ ಲೆಕ್ಕ ಹಾಕಿ, ಒಂದರಿಂದ ಇನ್ನೊಂದನ್ನು ಕಳೆಯಬೇಕು. ನಡುವೆ ಚುನಾವಣೋತ್ತರ ಹಿಂಸಾಚಾರದಲ್ಲಿ ಎಷ್ಟೋ ಕುಟುಂಬಗಳು ಊರು ಬಿಟ್ಟವು. ಮರುಸಮೀಕ್ಷೆಗೆ ಸಿಗದ ಮನೆಗಳ ಹಳೆಯ ವಿವರ ತೆಗೆದು, ಎರಡೂ ಕಡೆ ಒಂದೇ ಬಗೆಯವರು ತಪ್ಪಿಹೋದರೇ ಎಂದು ನೋಡದೆ ಮುಂದೆ ಹೋಗುವಂತಿಲ್ಲ.

ಮೊತ್ತದ ಲೆಕ್ಕವೂ ಮೋಸ ಮಾಡುತ್ತದೆ. ಆಗ ಮನೆಯೊಂದಕ್ಕೆ ತಿಂಗಳಿಗೆ 1,500 ಶಿಲ್ಲಿಂಗ್, ಎರಡು ತಿಂಗಳಿಗೊಮ್ಮೆ ಅಂಚೆ ಕಚೇರಿಯಲ್ಲಿ 3,000. ಮನೆ ದೊಡ್ಡದಿರಲಿ ಚಿಕ್ಕದಿರಲಿ, ಅಷ್ಟೇ. ಮೂವರಿದ್ದರೆ ತಲೆಗೆ 500, ಎಂಟು ಜನರಿದ್ದರೆ 200ಕ್ಕೂ ಕಡಿಮೆ. ಚಿಕ್ಕ ಕುಟುಂಬಗಳಲ್ಲಿ ಫಲ ಎದ್ದು ಕಂಡದ್ದು ಸಹಜ. ಸರಾಸರಿಯೊಂದನ್ನೇ ವರದಿ ಮಾಡಿದರೆ ಇದು ಮುಚ್ಚಿಹೋಗುತ್ತದೆ. ಆ ಎರಡು ವರ್ಷಗಳಲ್ಲಿ ದಿನಸಿ ಬೆಲೆ ಏರಿತು, ಮೊತ್ತ ಏರಲಿಲ್ಲ. ಖರ್ಚಿನ ಅಂಕಿಗಳನ್ನೆಲ್ಲ 2007ರ ಬೆಲೆಗೆ ಇಳಿಸಿಕೊಂಡೇ ಹೋಲಿಸಬೇಕು.

ಏನನ್ನು ಅಳೆಯುತ್ತೀರಿ ಎಂಬುದೂ ಮುಖ್ಯ. ಕೀನ್ಯಾದಲ್ಲಿ 2003ರಿಂದ ಪ್ರಾಥಮಿಕ ಶಿಕ್ಷಣ ಉಚಿತ. ಮಕ್ಕಳು ಬಹುಪಾಲು ಆಗಲೇ ಶಾಲೆಯಲ್ಲಿದ್ದರು, ಅಲ್ಲಿ ಹೆಚ್ಚಲು ಜಾಗವೇ ಇರಲಿಲ್ಲ. ಖರ್ಚು ಬೀಳುತ್ತಿದ್ದ ಪ್ರೌಢಶಾಲೆಯ ದಾಖಲಾತಿ ಏರಿತು.

ಹಣಕ್ಕೆ ಷರತ್ತು ಹಾಕಿದರೆ ಫಲ ಹೆಚ್ಚುತ್ತದೆಯೇ ಎಂದು ನೋಡುವ ಪ್ರಯೋಗ ಮಾತ್ರ ಕೆಟ್ಟಿತು. ಕೆಲವೆಡೆ ಶಾಲೆ, ಲಸಿಕೆ ತಪ್ಪಿದರೆ ದಂಡವಾಗಿ ಹಣ ಕಡಿತ, ಉಳಿದೆಡೆ ಇಲ್ಲ. ಆದರೆ ದಂಡವಿಲ್ಲದ ಕಡೆಯೂ ಬಹುಪಾಲು ಜನ ಷರತ್ತು ಇದೆ ಎಂದೇ ನಂಬಿದ್ದರು. ಇಂಥ ಹೋಲಿಕೆ ಮಾಡುವವರು ಪ್ರಶ್ನಾವಳಿಯಲ್ಲಿ ಒಂದು ಸಾಲು ಸೇರಿಸಲೇಬೇಕು: ‘ನಿಮ್ಮ ಹಣ ಯಾವ ಕಾರಣಕ್ಕೆ ಕಡಿತವಾಗಬಹುದು?’ ಆಯ್ಕೆಗಳನ್ನು ಓದಿ ಹೇಳಬಾರದು. ಅವರ ಬಾಯಲ್ಲಿ ಬಂದದ್ದನ್ನೇ ಬರೆದುಕೊಳ್ಳಬೇಕು.