ಕ್ಯಾಮೆರಾ ಬಿಟ್ಟಿ, ಬಾಕಿಯದಕ್ಕೆಲ್ಲ ಬೆಲೆ

ವರ್ಚುವಲ್ ಲೋಕದೊಳಗೆ, ಅಂದರೆ ಕಂಪ್ಯೂಟರ್ ಆಟದಂಥ ಜಗತ್ತಿನಲ್ಲಿ, ಸಿನಿಮಾ ತೆಗೆಯುವವರು ಕ್ಯಾಮೆರಾ, ಲೈಟು, ಸೆಟ್ಟು, ವೇಷ ಯಾವುದಕ್ಕೂ ಬಾಡಿಗೆ ಕಟ್ಟಬೇಕಿಲ್ಲ. 1996ರಿಂದಲೂ ಹೀಗೆಯೇ. ಆದರೆ ಈ ಕೆಲಸ ಎಂದೂ ಪೂರ್ತಿ ಬಿಟ್ಟಿಯಾಗಿರಲಿಲ್ಲ. ಖರ್ಚು ಒಂದೊಂದು ಕಾಲಕ್ಕೆ ಒಂದೊಂದು ಕಡೆ ಅವಿತುಕೊಂಡಿತ್ತು: ಮೊದಲು ನೋಡುವವರ ಮನೆಯಲ್ಲಿ, ಆಮೇಲೆ ಹಾರ್ಡ್ ಡಿಸ್ಕ್‌ನಲ್ಲಿ, ಕೊನೆಗೆ ಕಂಪನಿಯ ಕರಾರಿನಲ್ಲಿ.

1993ರ 'ಡೂಮ್' ಆಟದಲ್ಲೇ ಆಡಿದ್ದನ್ನು 'ಡೆಮೊ' ಕಡತವಾಗಿ ಉಳಿಸುವ ಸೌಲಭ್ಯವಿತ್ತು. ಆದರೆ ಅದು ಬರೆದಿಡುತ್ತಿದ್ದದ್ದು ಆಟಗಾರ ಯಾವಾಗ ಯಾವ ಗುಂಡಿ ಒತ್ತಿದ ಎಂಬುದನ್ನಷ್ಟೇ. ಆಟದ ಆವೃತ್ತಿ ಚೂರು ಬದಲಾದರೂ ಲೆಕ್ಕ ತಪ್ಪಿ, ಮರುಪ್ರದರ್ಶನದಲ್ಲಿ ಪಾತ್ರ ಗೋಡೆಗೆ ಮುಖ ಹಚ್ಚಿ ನಡೆಯುತ್ತಿತ್ತು. 1996ರಲ್ಲಿ ಅದೇ ಐಡಿ ಸಾಫ್ಟ್‌ವೇರ್ ಬಿಟ್ಟ 'ಕ್ವೇಕ್' ಬೇರೆ ದಾರಿ ಹಿಡಿಯಿತು. ಅದರ ಡೆಮೊದಲ್ಲಿ ಪ್ರತಿ ಕ್ಷಣ ಯಾರು ಎಲ್ಲಿದ್ದಾರೆ, ಎತ್ತ ತಿರುಗಿದ್ದಾರೆ ಎಂಬ ವಿವರವೇ ದಾಖಲಾಗುತ್ತಿತ್ತು. ಹಾಗಾಗಿ ಕಡತವನ್ನು ಬಿಚ್ಚಿ ಕತ್ತರಿಸಬಹುದಿತ್ತು. ಆಟ ಮುಗಿದ ಮೇಲೂ ಕ್ಯಾಮೆರಾವನ್ನು ಬೇರೆ ಕಡೆ ಇಡಬಹುದಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ರೇಂಜರ್ಸ್ ಎಂಬ ಆಟಗಾರರ ತಂಡ 'ಡೈರಿ ಆಫ್ ಎ ಕ್ಯಾಂಪರ್' ಎಂಬ ಎರಡು ನಿಮಿಷಕ್ಕೂ ಕಡಿಮೆಯ ಚಿತ್ರ ಮಾಡಿತು. ಮೂಲೆಯಲ್ಲಿ ಹೊಂಚು ಹಾಕಿ ಗುಂಡು ಹಾರಿಸುವವನ ಕಥೆ, ಸಂಭಾಷಣೆಯೆಲ್ಲ ಪರದೆಯ ಮೇಲಿನ ಅಕ್ಷರಗಳಲ್ಲಿ. ಕಥೆ ದೊಡ್ಡದಲ್ಲ. ಹೋರಾಡುವವನ ಕಣ್ಣಿನಿಂದ ನೋಟ ಬಿಡಿಸಿಕೊಂಡು ಬೇರೆಡೆ ನಿಂತದ್ದು ದೊಡ್ಡದು.

ಡೆಮೊ ಕಡತ ಎಷ್ಟು ಚಿಕ್ಕದೆಂದರೆ, ಡಯಲ್‌ಅಪ್ ಮೋಡೆಮ್‌ನಲ್ಲೂ ಇಳಿಸಿಕೊಳ್ಳಬಹುದಿತ್ತು. ಅದಕ್ಕೆ ತೆರಬೇಕಾದ ಬೆಲೆ ಇಷ್ಟೇ: ನೋಡುವವರ ಹತ್ತಿರವೂ ಕ್ವೇಕ್ ಇರಬೇಕು. ಮುಂದೆ 'ಕ್ವೇಕ್ 3' ಹೊತ್ತಿಗೆ ಆಟದಲ್ಲಿ ಮೋಸ ತಡೆಯಲೆಂದು ಕಂಪನಿ ಡೆಮೊ ಕಡತವನ್ನು ಬಿಗಿ ಮಾಡಿತು. ಹಾಗಾಗಿ 2000ದಿಂದ ಚಿತ್ರಗಳು ಸಾಮಾನ್ಯ ವಿಡಿಯೊ ಕಡತವಾಗಿ ಬರತೊಡಗಿದವು. ಅದೇ ವರ್ಷದ ಜನವರಿಯಲ್ಲಿ ಎಡಿನ್‌ಬರದ ಹ್ಯೂ ಹ್ಯಾನ್‌ಕಾಕ್ ಇಂಥ ಚಿತ್ರಗಳಿಗೆಂದೇ ತಾಣ ತೆರೆದರು. 'ಮಶಿನಿಮಾ' ಎಂಬ ಹೆಸರು ನೆಲೆಯೂರಿದ್ದು ಅಲ್ಲಿಂದ. ಮಶೀನು ಮತ್ತು ಸಿನೆಮಾ ಸೇರಿಸಿ ಯಾರೋ ಸೂಚಿಸಿದ ಪದದ ಕಾಗುಣಿತವನ್ನು ಅವರು ತಪ್ಪಾಗಿ ಬರೆದರು, ತಪ್ಪೇ ಗಟ್ಟಿಯಾಯಿತು.

ವಿಡಿಯೊ ಎಂದ ಕೂಡಲೇ ಖರ್ಚು ಡಿಸ್ಕ್‌ಗೆ ಬಿತ್ತು. 640×480 ಚಿತ್ರ, ಒಂದು ಚುಕ್ಕೆಗೆ 3 ಬೈಟ್, ಸೆಕೆಂಡಿಗೆ 30 ಫ್ರೇಮ್: ಸೆಕೆಂಡಿಗೆ ಸುಮಾರು 27.6 ಎಂಬಿ, ನಿಮಿಷಕ್ಕೆ 1.6 ಜಿಬಿಗಿಂತ ಹೆಚ್ಚು. 40 ಜಿಬಿ ಡಿಸ್ಕ್ 24 ನಿಮಿಷಕ್ಕೆ ತುಂಬುತ್ತದೆ. 1280×720 ಬೇಕೆಂದರೆ ಸೆಕೆಂಡಿಗೆ 83 ಎಂಬಿ. ಅಂದಿನ ಡಿಸ್ಕ್‌ಗಳು ಅಷ್ಟು ವೇಗವಾಗಿ ಬರೆಯಲಾರದೆ ಫ್ರೇಮುಗಳನ್ನು ಉದುರಿಸುತ್ತಿದ್ದವು. ಎಲ್ಲರೂ ಬಳಸುತ್ತಿದ್ದ 'ಫ್ರ್ಯಾಪ್ಸ್' ಎಂಬ ರೆಕಾರ್ಡಿಂಗ್ ತಂತ್ರಾಂಶ ಬಿಟ್ಟಿ ಆವೃತ್ತಿಯಲ್ಲಿ 30 ಸೆಕೆಂಡಿಗೆ ನಿಲ್ಲುತ್ತಿತ್ತು, ಮೇಲೆ ಮುದ್ರೆ ಬೇರೆ. ಆ ಕಾಲದ ಚಿತ್ರಗಳಲ್ಲಿ ಶಾಟ್‌ಗಳು ಚಿಕ್ಕವಾಗಿರುವುದಕ್ಕೆ ಕಲೆಯೊಂದೇ ಕಾರಣವಲ್ಲ.

ಈ ಇಕ್ಕಟ್ಟನ್ನೇ ಶೈಲಿ ಮಾಡಿಕೊಂಡದ್ದು 2003ರ ಏಪ್ರಿಲ್ 1ರಂದು ಶುರುವಾದ 'ರೆಡ್ ವರ್ಸಸ್ ಬ್ಲೂ' ಎಂಬ ಧಾರಾವಾಹಿ, ಟೆಕ್ಸಸ್‌ನ ಆಸ್ಟಿನ್‌ನವರದು. 'ಹೇಲೋ' ಆಟ ಓಡಿಸುವ ಎಕ್ಸ್‌ಬಾಕ್ಸ್ ಯಂತ್ರಗಳನ್ನು ಒಂದಕ್ಕೊಂದು ಜೋಡಿಸಿ, ಆಟಗಾರರಲ್ಲಿ ಒಬ್ಬರು ಕ್ಯಾಮೆರಾ ಆಗುತ್ತಿದ್ದರು. ಅವರ ಪರದೆಯ ಅಂಚಿನ ಗುರುತುಗಳು ಕಾಣದಿರಲೆಂದು ಮೇಲೆ ಕೆಳಗೆ ಕಪ್ಪುಪಟ್ಟಿ. ಪಾತ್ರಗಳೆಲ್ಲ ಶಿರಸ್ತ್ರಾಣ ತೊಟ್ಟಿದ್ದರಿಂದ ತುಟಿ ಹೊಂದಿಸುವ ಗೋಜಿಲ್ಲ. ಮಾತಾಡುವವನು ತಲೆ ಅಲ್ಲಾಡಿಸಿದರೆ ಸಾಕು. ನಮ್ಮ ಸೂತ್ರದ ಗೊಂಬೆಯಾಟದಲ್ಲೂ ಮಾತು ಯಾರದೆಂದು ತಿಳಿಯುವುದು ಹಾಗೆಯೇ. ಬಂದೂಕು ಸದಾ ಎದುರಿನವನ ಎದೆಗೇ ಗುರಿಯಿಟ್ಟಿರುವುದು ಇನ್ನೊಂದು ತೊಡಕು. ಪಿಸ್ತೂಲು ಹಿಡಿದು ನೆಲ ನೋಡಿದರೆ ತಲೆ ಎತ್ತಿಕೊಂಡೇ ಕೈ ಇಳಿಯುವ ಆಟದ ದೋಷವೊಂದು ಇವರಿಗೆ ವರವಾಯಿತು. 'ಹೇಲೋ 2'ರಲ್ಲಿ ಕಂಪನಿಯೇ ಆಯುಧ ಇಳಿಸುವ ಗುಂಡಿ ಕೊಟ್ಟಿತು.

ಆಟದ ನಕಾಶೆ ಬೇಡ, ನಮ್ಮ ಊರನ್ನೇ ಕಟ್ಟಿಕೊಳ್ಳುತ್ತೇವೆ ಎನ್ನುವವರಿಗೆ ಸಿಕ್ಕಿದ್ದು ಲಿಂಡೆನ್ ಲ್ಯಾಬ್ 2003ರ ಜೂನ್‌ನಲ್ಲಿ ತೆರೆದ 'ಸೆಕೆಂಡ್ ಲೈಫ್' ಎಂಬ ಆನ್‌ಲೈನ್ ಲೋಕ. ಖಾತೆ ಬಿಟ್ಟಿ. 256 ಮೀಟರ್ ಉದ್ದ, ಅಷ್ಟೇ ಅಗಲದ ಒಂದೊಂದು ತುಂಡು ನೆಲ. ಸ್ವಂತಕ್ಕೆ ಬೇಕಾದರೆ ಹಣ, ಇಲ್ಲವಾದರೆ ಸಾರ್ವಜನಿಕ 'ಸ್ಯಾಂಡ್‌ಬಾಕ್ಸ್'ನಲ್ಲಿ ಸೆಟ್ಟು ಎಬ್ಬಿಸಬಹುದು. ಕೆಲವು ಗಂಟೆ ಕಳೆದರೆ ಸೆಟ್ಟು ತಾನಾಗಿ ಮಾಲೀಕನ ಸಾಮಾನಿನ ಗಂಟಿಗೆ ವಾಪಸಾಗುತ್ತದೆ. ಆದ್ದರಿಂದ ಕಟ್ಟಿದ್ದನ್ನು ಒಟ್ಟಾಗಿ ಜೋಡಿಸಿ ಒಂದು ಪ್ರತಿ ಇಟ್ಟುಕೊಂಡೇ ಚಿತ್ರೀಕರಣಕ್ಕೆ ಕೂರಬೇಕು. ಹೊಸ ಅಂಗಚಲನೆ ಬೇಕಾದರೆ 'ಕ್ಯೂಎವಿಮೇಟರ್' ಎಂಬ ಬಿಟ್ಟಿ ತಂತ್ರಾಂಶದಲ್ಲಿ ತಯಾರಿಸಿ, ಅಲ್ಲಿನ ನಾಣ್ಯವಾದ ಲಿಂಡೆನ್ ಡಾಲರ್ 10 ಕೊಟ್ಟು ಏರಿಸುತ್ತಿದ್ದರು. ಅಮೆರಿಕದ ಒಂದು ಡಾಲರಿಗೆ ಅಂಥವು 250ರ ಆಸುಪಾಸು ಸಿಗುತ್ತಿದ್ದುದರಿಂದ ಅದು ಖರ್ಚೇ ಅಲ್ಲ.

ಇಲ್ಲಿ ಕೆಡುವುದು ಬೇರೆ ವಿಷಯಗಳು. ಲೋಕವೆಲ್ಲ ಸರ್ವರಿನಿಂದ ಹನಿಹನಿಯಾಗಿ ಬರುತ್ತದೆ. ಕ್ಯಾಮೆರಾ ತಿರುಗಿದ ಕಡೆ ಮೊದಲು ಬೂದುಬಣ್ಣದ ಗೋಡೆ, ಆಮೇಲೆ ಇಟ್ಟಿಗೆ. ರೆಕಾರ್ಡ್ ಒತ್ತುವ ಮುಂಚೆ ಕ್ಯಾಮೆರಾ ಸಾಗುವ ದಾರಿಯಲ್ಲಿ ಒಂದು ಸುತ್ತು ಹೋಗಿ ಬಂದರೆ ಆ ಗೋಡೆ, ಇಟ್ಟಿಗೆಯ ಚಿತ್ರಗಳು ನಮ್ಮ ಡಿಸ್ಕ್‌ನಲ್ಲಿ ಕೂತಿರುತ್ತವೆ. ಎಷ್ಟು ದೂರದವರೆಗೆ ಕಾಣಬೇಕೆಂಬ ಅಳತೆಯನ್ನು ಒಳಾಂಗಣಕ್ಕೆ 64 ಮೀಟರಿಗೆ ಇಳಿಸಿದರೆ ಫ್ರೇಮು ಉಳಿಯುತ್ತದೆ. ಕಂಟ್ರೋಲ್, ಆಲ್ಟ್, ಎಫ್1 ಒಟ್ಟಿಗೆ ಒತ್ತಿದರೆ ಪರದೆಯ ಗುಂಡಿಗಳೆಲ್ಲ ಮಾಯ. ಕಂಟ್ರೋಲ್ ಜತೆ 0 ಒತ್ತಿದರೆ ಲೆನ್ಸು ಹತ್ತಿರ, 8 ಒತ್ತಿದರೆ ಅಗಲ, 9 ಮೊದಲಿನಂತೆ. ತಲೆಯ ಮೇಲಿನ ಹೆಸರು, ದನಿಯ ಹಸಿರು ಗುರುತು, ಟೈಪ್ ಮಾಡುವಾಗಿನ ಕೈಯಾಟ, ಇವನ್ನು ಸೆಟ್ಟಿಂಗ್‌ನಲ್ಲಿ ಮೊದಲೇ ಆರಿಸಬೇಕು. ಶಾಟ್ ಹಾಳಾಗುವುದು ಹೆಚ್ಚಾಗಿ ಈ ಸಣ್ಣವುಗಳಿಂದಲೇ.

ನಟರ ಕಣ್ಣು ಇನ್ನೂ ದೊಡ್ಡ ತಲೆನೋವು. ಅವತಾರದ, ಅಂದರೆ ಆ ಲೋಕದಲ್ಲಿ ನಮ್ಮ ಬದಲು ಓಡಾಡುವ ಗೊಂಬೆಯ, ತಲೆ ಅದರ ಮಾಲೀಕನ ಮೌಸ್ ಹೋದತ್ತ ತಿರುಗುತ್ತದೆ. ಪ್ರೇಮದ ಮಾತಿನ ನಡುವೆ ನಾಯಕ ಮೆನು ಹುಡುಕಿದರೆ ಅವನ ದೃಷ್ಟಿ ಆಕಾಶಕ್ಕೆ. ಪ್ರತಿಯೊಬ್ಬ ನಟನೂ ಆಲ್ಟ್ ಒತ್ತಿ ಎದುರಿನವರ ಮುಖದ ಮೇಲೆ ಕ್ಲಿಕ್ ಮಾಡಿ ಮೌಸಿನಿಂದ ಕೈ ತೆಗೆಯುವುದೇ ಮದ್ದು. ಕ್ಯಾಮೆರಾಕ್ಕೆ ನಟಿಸದ ಬೇರೆ ಅವತಾರವೇ ಬೇಕು. ಮೌಸಿನಿಂದ ಸರಿಸಿದ ಕ್ಯಾಮೆರಾ ಗಕ್ಕನೆ ನಿಲ್ಲುತ್ತದೆ. ಸುಮಾರು 60 ಡಾಲರಿನ 'ಸ್ಪೇಸ್‌ನ್ಯಾವಿಗೇಟರ್' ಎಂಬ, ಕೈಯಲ್ಲಿ ಹಿಡಿದು ತಿರುಗಿಸುವ ಗುಬುಟು ಕೊಂಡವರಿಗೆ ಕ್ರೇನಿನಲ್ಲಿ ಕೂತಂಥ ಚಲನೆ ಸಿಕ್ಕಿತು. ಈ ಪಟ್ಟಿಯಲ್ಲಿ ದುಡ್ಡು ಕೊಡುವಷ್ಟು ಬೆಲೆಯುಳ್ಳದ್ದು ಅದೊಂದೇ. ಆ ತುಂಡು ನೆಲದಲ್ಲಿ ಕೇಳಿಬರುವ ಸಂಗೀತವನ್ನು ಚಿತ್ರೀಕರಣದ ಹೊತ್ತು ನಿಲ್ಲಿಸಲೇಬೇಕು, ಇಲ್ಲದಿದ್ದರೆ ಎಡಿಟಿಂಗ್‌ನಲ್ಲಿ ಪ್ರತಿ ಕಟ್‌ಗೂ ಹಾಡು ಜಿಗಿಯುತ್ತದೆ.

ಆಮೇಲೆ ಬಂದದ್ದು ಅಪ್ಪಣೆಯ ಪ್ರಶ್ನೆ. ತೆಗೆದವರು ನಾವಾದರೂ ಗೊಂಬೆ, ನೆಲ, ಆಕಾಶ ಕಂಪನಿಯದು. 2007ರಲ್ಲಿ ಮೈಕ್ರೋಸಾಫ್ಟ್ ತನ್ನ ಆಟಗಳಿಂದ ಚಿತ್ರ ಮಾಡಲು ನಿಯಮ ಪ್ರಕಟಿಸಿತು: ಮಾಡಿ, ಆದರೆ ಮಾರಬೇಡಿ. ಸೆಕೆಂಡ್ ಲೈಫ್‌ನಲ್ಲಿ ಗಂಟು ಇನ್ನೂ ಬಿಗಿ, ಏಕೆಂದರೆ ಅಲ್ಲಿನ ಮನೆ, ಬಟ್ಟೆ, ಕೂದಲು ಮಾಡಿದವರು ಬಳಕೆದಾರರೇ. 2010ರ ನೀತಿಯ ಪ್ರಕಾರ ನೆಲದ ಮಾಲೀಕರ ಷರತ್ತು ನೋಡಬೇಕು, ಗುಂಪಿನಲ್ಲಿ ಕಳೆದುಹೋಗದೆ ಗುರುತು ಸಿಗುವ ಅವತಾರಗಳ ಒಪ್ಪಿಗೆ ಪಡೆಯಬೇಕು. ಈ ತಲೆಬಿಸಿಯೇ ಬೇಡವೆಂದರೆ 2007ರಲ್ಲಿ ಹುಟ್ಟಿದ 'ಓಪನ್‌ಸಿಮ್ಯುಲೇಟರ್' ಇದೆ. ಮನೆಯ ಕಂಪ್ಯೂಟರಿನಲ್ಲೇ ಓಡುವ ಮುಕ್ತ ತಂತ್ರಾಂಶ, ಬಾಡಿಗೆಯಿಲ್ಲ. ಸೆಟ್ಟಿನ ಸಾಮಾನನ್ನು ಮಾತ್ರ ನಾವೇ ಮಾಡಿಕೊಳ್ಳಬೇಕು, ಅಥವಾ ಬಳಸಲು ಅನುಮತಿಯಿರುವುದನ್ನು ತರಬೇಕು.

ಈಗ ಡಿಸ್ಕ್ ಅಗ್ಗ. 2012ರಲ್ಲಿ ಬಂದ 'ಓಬಿಎಸ್' ಎಂಬ ರೆಕಾರ್ಡಿಂಗ್ ತಂತ್ರಾಂಶ ಬಿಟ್ಟಿ, ಸಮಯದ ಮಿತಿಯಿಲ್ಲ. ಆಟವನ್ನು 60 ಫ್ರೇಮಿಗೆ ಕಟ್ಟಿಹಾಕಿ, 30ರಲ್ಲಿ ರೆಕಾರ್ಡ್ ಮಾಡಿ, ವಿಡಿಯೊ ಗುಣಮಟ್ಟದ ಅಳತೆಯಾದ ಸಿಆರ್‌ಎಫ್ ಅನ್ನು 18ರಿಂದ 20ರೊಳಗೆ ಇಟ್ಟರೆ ಸಾಕು. ಕಡತ ಎಂಪಿ4 ಬೇಡ, ಎಂಕೆವಿ ಇರಲಿ: ನಡುವೆ ಕರೆಂಟು ಹೋದರೆ ಎಂಪಿ4 ತೆರೆಯದೇ ಹೋಗಬಹುದು, ಎಂಕೆವಿ ಅಲ್ಲಿಯವರೆಗಿನದನ್ನು ಉಳಿಸುತ್ತದೆ. ಧ್ವನಿಯನ್ನು ನಟನಟರಿಗೆ ಬೇರೆ ಟ್ರ್ಯಾಕ್‌ನಲ್ಲಿ ಇಡುವುದು ಲೇಸು.

ಮೂಲ ಕಡತವನ್ನು ಅಳಿಸದಿರುವುದು ಇನ್ನೂ ಲೇಸು. ಮಶಿನಿಮಾ ಹೆಸರಿನ ಕಂಪನಿಯ ಯೂಟ್ಯೂಬ್ ಚಾನೆಲ್‌ನ ವಿಡಿಯೊಗಳು 2019ರ ಜನವರಿಯಲ್ಲಿ ಒಮ್ಮೆಲೇ ಕಣ್ಮರೆಯಾದವು. ಅತ್ತ ಕ್ವೇಕ್‌ನ ಮೂಲ ಸಂಕೇತ 1999ರ ಡಿಸೆಂಬರ್‌ನಲ್ಲಿ ಮುಕ್ತವಾಗಿ, ಅದರಿಂದ ಹೊಸ ಎಂಜಿನ್‌ಗಳು ಹುಟ್ಟಿದವು. ಆ ಕಾಲದ ಪುಟಾಣಿ ಡೆಮೊ ಕಡತಗಳು ಅವುಗಳಲ್ಲಿ ಇಂದಿನ ಪರದೆಯ ಪೂರ್ತಿ ಅಳತೆಗೆ ಓಡುತ್ತವೆ. ಆಮೇಲೆ ನಿಮಿಷಕ್ಕೆ ಒಂದೂವರೆ ಜಿಬಿಗೂ ಹೆಚ್ಚು ಸುರಿದು ಹಿಡಿದ ವಿಡಿಯೊಗಳು ಮಾತ್ರ ಈಗಲೂ 640×480ರಲ್ಲೇ ಇವೆ.