ರಜೆ ಮುಗಿದ ವಾರವೇ ಮತ್ತೆ ಸುಸ್ತು ಯಾಕೆ?

ಆಪ್ತಸಮಾಲೋಚನೆಗೆ ಬರುವ ಶಿಕ್ಷಕರು ಮೊದಲು ಹೇಳುವುದು ಸುಸ್ತಿನ ಬಗ್ಗೆ. ನಾನು ಕೇಳುವುದು ಬೇರೆ. ಒಂದು ಮಗು ಅದೇ ಪ್ರಶ್ನೆಯನ್ನು ಮೂರನೇ ಸಲ ಕೇಳಿದರೆ ನಿಮಗೆ ಏನನ್ನಿಸುತ್ತದೆ? ‘ಮೊದಲೆಲ್ಲ ಇನ್ನೊಂದು ಥರ ಹೇಳಿಕೊಡೋಣ ಅನ್ನಿಸುತ್ತಿತ್ತು, ಈಗ ಏನೂ ಅನ್ನಿಸಲ್ಲ’ ಎಂಬ ಉತ್ತರ ಬಂದರೆ ನನಗೆ ಚಿಂತೆಯಾಗುತ್ತದೆ. ಬರೀ ಸುಸ್ತು ಚೆನ್ನಾಗಿ ನಿದ್ದೆ ಮಾಡಿದರೆ ಹೋಗುತ್ತದೆ. ಬರ್ನ್‌ಔಟ್, ಅಂದರೆ ಕೆಲಸದ ಒತ್ತಡದಲ್ಲಿ ಒಳಗೇ ಬತ್ತಿಹೋಗುವುದು, ಹಾಗೆ ಹೋಗುವುದಿಲ್ಲ.

ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಮಾಸ್ಲಾಕ್ ಇದರಲ್ಲಿ ಮೂರು ಎಳೆ ಗುರುತಿಸಿದ್ದಾರೆ. ಮನಸ್ಸು ಬರಿದಾಗುವುದು, ಎದುರಿಗಿರುವವರ ಬಗ್ಗೆ ಕಲ್ಲಾಗುವುದು, ಏನು ಮಾಡಿದರೂ ಅಷ್ಟೇ ಅನ್ನಿಸುವುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ಐಸಿಡಿ-11 ಎಂಬ ಅಂತರರಾಷ್ಟ್ರೀಯ ರೋಗಗಳ ಪಟ್ಟಿಯಲ್ಲಿ ಇದನ್ನು ಕಾಯಿಲೆ ಎಂದಿಲ್ಲ. ಕೆಲಸದ ಒತ್ತಡ ಬಹುಕಾಲ ಹತೋಟಿಗೆ ಬಾರದೆ ಹೋದಾಗ ಆಗುವ ಸ್ಥಿತಿ. ‘ನನ್ನಲ್ಲೇ ಏನೋ ಕೊರತೆ’ ಎಂದು ಕೊರಗುವವರಿಗೆ ಈ ಮಾತನ್ನು ನಾನು ಬಿಡಿಸಿ ಹೇಳುತ್ತೇನೆ.

ರಜೆಯಿಂದ ಹಗುರವಾಗುವುದು ನಿಜ. ಆದರೆ ಹಳೇ ಹೊರೆಗೇ ಮರಳಿದರೆ ಆ ಹಗುರ ಕೆಲವೇ ವಾರಗಳಲ್ಲಿ ಕರಗುತ್ತದೆ. ಚೇತರಿಕೆ ದಿನದಿನವೂ ಆಗಬೇಕು. ಶಾಲೆ ಬಿಟ್ಟ ಮೇಲೂ ತಲೆಯೊಳಗೆ ಶಾಲೆ ನಡೆಯುತ್ತಲೇ ಇರುತ್ತದೆ, ಅಲ್ವಾ? ತಿದ್ದದೆ ಉಳಿದ ಪತ್ರಿಕೆಗಳು, ಪೋಷಕರ ಮೆಸೇಜು, ಅಳುತ್ತಾ ಮನೆಗೆ ಹೋದ ಹುಡುಗ. ಚೇತರಿಕೆಯ ಬಗ್ಗೆ ಬಹಳ ಕೆಲಸ ಮಾಡಿರುವ ಸಂಶೋಧಕಿ ಸಬೀನೆ ಸೊನೆನ್‌ಟಾಗ್ ಒತ್ತಿ ಹೇಳುವುದು, ಕೆಲಸದಿಂದ ಮನಸ್ಸನ್ನು ಬಿಡಿಸಿಕೊಳ್ಳುವುದನ್ನು. ಒತ್ತಡ ಜಾಸ್ತಿ ಇದ್ದವರಿಗೆ ಇದು ಹೆಚ್ಚು ಬೇಕು, ಅವರಿಗೇ ಇದು ಹೆಚ್ಚು ಕಷ್ಟ.

ಅದಕ್ಕೇ ಸ್ಟಾಫ್ ರೂಮಿನಿಂದ ಹೊರಡುವ ಮೊದಲು ಐದು ನಿಮಿಷ ಕೂರಲು ಹೇಳುತ್ತೇನೆ. ಉಳಿದ ಕೆಲಸ ಬರೆಯಿರಿ, ಪಕ್ಕದಲ್ಲೇ ಯಾವಾಗ, ಎಲ್ಲಿಂದ ಶುರು ಅನ್ನುವುದನ್ನೂ ಬರೆಯಿರಿ. ‘ಏಳನೇ ತರಗತಿ ಗಣಿತ ಪತ್ರಿಕೆ: ನಾಳೆ ಮೂರನೇ ಪೀರಿಯಡ್ ಬಿಡುವು, ಮೊದಲ ಹತ್ತು.’ ಸುಮ್ನೆ ಪಟ್ಟಿ ಮಾಡಿದರೆ ಸಾಲದು. ಯಾವಾಗ ಅನ್ನುವುದು ಗಟ್ಟಿಯಾದರೆ ಮನಸ್ಸು ಅದನ್ನು ರಾತ್ರಿ ಮತ್ತೆ ಮತ್ತೆ ಕೆದಕುವುದು ಕಡಿಮೆಯಾಗುತ್ತದೆ. ಸಂಜೆಗೆ ಗಮನ ಬೇಡುವ ಏನಾದರೂ ಇರಲಿ: ಹಾಡು, ಆಟ, ಹೊಸದೊಂದು ಕಲಿಕೆ. ಮೊಬೈಲ್ ನೋಡುತ್ತಾ ಕೂತರೆ ಶಾಲೆಯ ಗ್ರೂಪ್ ಅಲ್ಲೇ ಕಾದಿರುತ್ತದೆ.

ಇಷ್ಟೆಲ್ಲ ಶಿಕ್ಷಕರೊಬ್ಬರ ತಲೆಗೇ ಕಟ್ಟುವುದು ಅನ್ಯಾಯ. ಒತ್ತಡ ನಿರ್ವಹಣೆಯ ಶಿಬಿರ ನಡೆಸುವ ಮುಖ್ಯೋಪಾಧ್ಯಾಯರಿಗೆ ನನ್ನ ವಿನಂತಿ: ಮೊದಲು ಯಾರೂ ತೆರೆದು ನೋಡದ ಒಂದು ರಿಜಿಸ್ಟರ್ ನಿಲ್ಲಿಸಿ, ಸಂಜೆಯ ಮೆಸೇಜುಗಳಿಗೆ ಬೆಳಿಗ್ಗೆ ಉತ್ತರಿಸಿದರೆ ಸಾಕೆಂದು ಪೋಷಕರಿಗೂ ತಿಳಿಸಿ.

ಇನ್ನು, ಎರಡು ವಾರಕ್ಕೂ ಹೆಚ್ಚು ಕಾಲ ಮನೆಯಲ್ಲೂ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ನಿದ್ದೆ ಕೆಟ್ಟಿದ್ದರೆ, ಅದು ಖಿನ್ನತೆ ಇರಬಹುದು. ವೈದ್ಯರಿಗೆ ತೋರಿಸಿ. ಬದುಕೇ ಬೇಡ ಅನ್ನಿಸಿದರೆ ಎರಡು ವಾರ ಕಾಯಬೇಡಿ, ಅದೇ ದಿನ ಹೋಗಿ.